ಎಂಟು ತಿಂಗಳಾದರೂ ಗಿಟಾರಿನ ಎಫ್ ಕಾರ್ಡ್ ಕೂತಿಲ್ಲ: ಆನ್‌ಲೈನಲ್ಲೇ ಮುಂದುವರಿಯಲೋ, ಮೇಷ್ಟ್ರನ್ನು ಹುಡುಕಲೋ?

ಜೋಗ_ರೋಡ್ · ಜುಲೈ 12, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ನನಗೆ 41 ವರ್ಷ, ಸಾಗರದಲ್ಲಿ ಬ್ಯಾಂಕ್ ಕೆಲಸ. ಕಾಲೇಜು ದಿನಗಳಿಂದ ಮುಂದೂಡುತ್ತಾ ಬಂದಿದ್ದ ಆಸೆಗೆ ಕಳೆದ ನವೆಂಬರಿನಲ್ಲಿ ದುಡ್ಡು ಹಾಕಿ ಅಕೂಸ್ಟಿಕ್ ಗಿಟಾರ್ ತರಿಸಿಕೊಂಡೆ. ಅಂಗಡಿಗೆ ಹೋಗಿ ನೋಡಿ ತಂದದ್ದಲ್ಲ, ಕೊರಿಯರಿನಲ್ಲಿ ಬಂದದ್ದು, 9 ಸಾವಿರ.

ಅಲ್ಲಿಂದ ಇಲ್ಲಿಯತನಕ ಯೂಟ್ಯೂಬೇ ಗುರು. ದಿನಾ ಊಟ ಆದಮೇಲೆ ಅರ್ಧ ಗಂಟೆ, ತಪ್ಪಿಸಿದ್ದು ಕಡಿಮೆ. ಕಾರ್ಡ್ ಅಂದರೆ ಕೆಲವು ಸ್ವರ ಒಟ್ಟಿಗೆ ಹೊರಡಿಸುವ ಬೆರಳ ಹಿಡಿತ, ಅದರಲ್ಲಿ ಜಿ, ಸಿ, ಡಿ, ಇ ಮೈನರ್, ಎ ಮೈನರ್ ಬರುತ್ತೆ. ಬೆರಳ ತುದಿ ದಡ್ಡುಗಟ್ಟಿ ಈಗ ನೋವೂ ಇಲ್ಲ. ಆದರೆ ತೋರುಬೆರಳನ್ನು ಆರೂ ತಂತಿಗೆ ಅಡ್ಡ ಒತ್ತಿ ಹಿಡಿಯುವ ಎಫ್ ಮಾತ್ರ ಕೂರ್ತಾನೇ ಇಲ್ಲ. ಆರು ತಂತಿಯಲ್ಲಿ ಎರಡೋ ಮೂರೋ ಮಾತಾಡುತ್ತವೆ, ಉಳಿದವು ಟಪ್ ಟಪ್ ಅಂತವೆ. ಇನ್ನೂ ಬೇಜಾರಿನ ಸಂಗತಿ ಏನಂದರೆ ಮೇ ತಿಂಗಳಲ್ಲಿ ಇದಕ್ಕಿಂತ ಚೆನ್ನಾಗಿ ಬರ್ತಿತ್ತು. ಈಗ ಹಿಂದೆ ಹೋಗ್ತಿದ್ದೀನಿ ಅನಿಸುತ್ತೆ. ಎಡಗೈ ಮಣಿಕಟ್ಟು, ಹೆಬ್ಬೆರಳಿನ ಬುಡ ಬೇರೆ ನೋಯುತ್ತಿದೆ.

ನನ್ನ ಮುಂದಿರೋದು ಮೂರು ದಾರಿ. ದುಡ್ಡು ಕೊಟ್ಟು ಒಂದು ಆ್ಯಪಿಗೆ ವರ್ಷದ ಚಂದಾ ಕಟ್ಟೋದು. ಬೆಂಗಳೂರಿನ ಒಬ್ಬ ಮೇಷ್ಟ್ರ ಹತ್ತಿರ ವಾರಕ್ಕೊಮ್ಮೆ ವಿಡಿಯೋ ಕಾಲಿನಲ್ಲಿ ಕಲಿಯೋದು, ಕ್ಲಾಸಿಗೆ 600 ಹೇಳಿದ್ದಾರೆ. ಇಲ್ಲಾ ಭಾನುವಾರ ಶಿವಮೊಗ್ಗಕ್ಕೆ ಹೋಗಿ ಎದುರು ಕೂತು ಕಲಿಯೋದು. ಹೋಗಲಿಕ್ಕೆ 70 ಕಿಲೋಮೀಟರ್, ಬರಲಿಕ್ಕೆ 70, ಈ ಮಳೆಯಲ್ಲಿ. ಒಂದು ಗಂಟೆ ಕ್ಲಾಸಿಗೆ ಒಂದಿಡೀ ಭಾನುವಾರ. ಅನುಭವ ಇದ್ದವರು ಹೇಳಿ.

335ಇ · ಜುಲೈ 12, ರಾತ್ರಿ 11:15

ಸಾರ್, ಮೊದಲು ದುಡ್ಡು ಉಳಿಸಿ. ನಾನು ಒಂದು ಕ್ಲಾಸಿಗೂ ಹೋಗಿಲ್ಲ. ಜಸ್ಟಿನ್ ಸ್ಯಾಂಡರ್ಕೋ ಅನ್ನೋ ಆಸ್ಟ್ರೇಲಿಯಾದ ಮನುಷ್ಯ 2003ರಿಂದ ತಮ್ಮ ವೆಬ್‌ಸೈಟಲ್ಲಿ ಪುಕ್ಕಟೆ ಪಾಠ ಹಾಕ್ತಿದ್ದಾರೆ, ಅದೇ ನನ್ನ ಪಾಠಶಾಲೆ. ಐದು ವರ್ಷ ಆಯ್ತು, ಈಗ ಆಫೀಸ್ ಬ್ಯಾಂಡಲ್ಲಿ ನುಡಿಸ್ತೀನಿ.

ಎಫ್ ಎಲ್ಲರಿಗೂ ಕಷ್ಟ. ನನಗೆ ಏಳು ತಿಂಗಳು ಹಿಡೀತು. ಸದ್ಯಕ್ಕೆ ಮೇಲಿನ ಎರಡು ದಪ್ಪ ತಂತಿ ಬಿಟ್ಟು ಕೆಳಗಿನ ನಾಲ್ಕರಲ್ಲಿ ಚಿಕ್ಕ ಎಫ್ ಹಿಡೀರಿ, ಹಾಡು ನಿಲ್ಲಲ್ಲ. ಒಂದು ನಿಮಿಷ ಟೈಮರ್ ಇಟ್ಟು ಸಿ ಇಂದ ಎಫ್‌ಗೆ ಎಷ್ಟು ಸಲ ಹೋಗಿ ಬಂದ್ರಿ ಅಂತ ಎಣಿಸಿ, ದಿನಾ ಬರೆದಿಡಿ. ಶಿವಮೊಗ್ಗದ ಬಸ್ ಚಾರ್ಜಲ್ಲಿ ಒಳ್ಳೆ ತಂತಿ ಬರುತ್ತೆ.

ಗಿಟಾರ್_ಮೇಷ್ಟ್ರು · ಜುಲೈ 13, ಬೆಳಿಗ್ಗೆ 6:50

ನಾನು ಮೈಸೂರಿನಲ್ಲಿ 19 ವರ್ಷದಿಂದ ಮನೆಯಲ್ಲೇ ಪಾಠ ಮಾಡ್ತಿದ್ದೀನಿ. ಹಾಗಾಗಿ ನನ್ನ ಮಾತನ್ನು ಅಂಗಡಿಯವನು ಅಂಗಡಿಗೆ ಬನ್ನಿ ಅಂದ ಹಾಗೆ ಅಂತಲೇ ಓದಿಕೊಳ್ಳಿ, ಬೇಜಾರಿಲ್ಲ.

ಮಣಿಕಟ್ಟು ನೋಯುತ್ತಿದೆ ಅಂದರೆ ಮೊದಲು ಎರಡು ಮೂರು ದಿನ ಗಿಟಾರ್ ಮುಟ್ಟಬೇಡಿ. ಬೆರಳ ತುದಿ ನೋಯುವುದು ಸಹಜ, ಕೀಲು ನೋಯುವುದು ಸಹಜ ಅಲ್ಲ. ಆಮೇಲೂ ನೋವು ಹೋಗದಿದ್ದರೆ ನನ್ನನ್ನಲ್ಲ, ಡಾಕ್ಟರನ್ನು ಕೇಳಿ.

ಇನ್ನು ಆನ್‌ಲೈನ್ ವಿಚಾರ. ಮಾಹಿತಿಯ ಲೆಕ್ಕದಲ್ಲಿ ನನ್ನ ಹತ್ತಿರ ಇರುವುದಕ್ಕಿಂತ ಹತ್ತು ಪಾಲು ಯೂಟ್ಯೂಬಿನಲ್ಲಿದೆ, ಅದೂ ನನಗಿಂತ ಚೆನ್ನಾಗಿ ನುಡಿಸುವವರದು. ನನ್ನ ತಕರಾರು ಬೇರೆ. ಎರಡು ವರ್ಷ ವಿಡಿಯೋ ನೋಡಿ ಕಲಿತು ಬರುವವರಲ್ಲಿ ಒಂದು ಕಾಯಿಲೆ ಬಹಳ ಸಲ ನೋಡಿದ್ದೀನಿ. ಕಾರ್ಡ್ ಗೊತ್ತಿರುತ್ತೆ, ಸ್ಕೇಲ್ ಗೊತ್ತಿರುತ್ತೆ, ಒಂದು ಹಾಡು ಮೊದಲಿಂದ ಕೊನೆವರೆಗೆ ನಿಲ್ಲದೆ ಬರಲ್ಲ. ಯಾಕೆಂದರೆ ವಿಡಿಯೋ ನಮಗಾಗಿ ಕಾಯುತ್ತೆ. ಬೆರಳು ಸಿಕ್ಕಿಹಾಕಿಕೊಂಡರೆ ಪಾಸ್ ಒತ್ತಬಹುದು, ಹತ್ತು ಸೆಕೆಂಡ್ ಹಿಂದಕ್ಕೆ ಹೋಗಬಹುದು. ತಾಳ ಕಾಯಲ್ಲ. ಎದುರಿಗೆ ಒಬ್ಬ ಕೂತು ಕಾಲಲ್ಲಿ ತಾಳ ಕುಟ್ಟುತ್ತಿದ್ದರೆ ನಿಮ್ಮ ತಪ್ಪನ್ನು ಹಿಂದೆ ಬಿಟ್ಟು ಮುಂದಿನ ಕಾರ್ಡಿಗೆ ಹಾರಲೇಬೇಕು. ಆ ಹಾರುವುದೇ ಸಂಗೀತ ಅಂತ ನನಗೆ ಅನಿಸುತ್ತೆ. ಉಳಿದದ್ದು ಬೆರಳಿನ ವ್ಯಾಯಾಮ.

ಎಡಗೈ ಮುಂದಿನಿಂದ ಒಂದು, ಹಿಂದಿನಿಂದ ಒಂದು ಫೋಟೋ ಹಾಕಿ. ಹೆಬ್ಬೆರಳು ಎಲ್ಲಿದೆ ನೋಡೋಣ.

335ಇ · ಜುಲೈ 13, ಬೆಳಿಗ್ಗೆ 9:30

ಮೇಷ್ಟ್ರೇ, ಒಪ್ಪಲ್ಲ. ಅಮೆರಿಕದ ಜಾಝ್ ಗಿಟಾರ್ ದಿಗ್ಗಜ ವೆಸ್ ಮಾಂಟ್ಗೊಮೆರಿ ತಮಗಿಂತ ಹಿಂದಿನ ಗಿಟಾರಿಸ್ಟ್ ಚಾರ್ಲಿ ಕ್ರಿಶ್ಚಿಯನ್ನರ ರೆಕಾರ್ಡ್ ಕೇಳಿ ಕೇಳಿ ಒಂದೊಂದೇ ಸೋಲೋ ಕಲಿತವರು. ಆ ರೆಕಾರ್ಡೂ ಅವರ ಕೈ ನೋಡ್ತಿರಲಿಲ್ಲ. ತಂತಿ ಮೀಟುವ ಪುಟ್ಟ ಬಿಲ್ಲೆ, ಪಿಕ್, ಅದರ ಸದ್ದಿಗೆ ಅಕ್ಕಪಕ್ಕದ ಮನೆಯವರು ಗೊಣಗಿದ್ರು ಅಂತ ಹೆಬ್ಬೆರಳಲ್ಲಿ ನುಡಿಸೋಕೆ ಶುರು ಮಾಡಿದ್ರು ಅನ್ನೋ ಕಥೆ ಗೊತ್ತಲ್ಲ? ಕೊನೆಗೆ ಅದೇ ಅವರ ಗುರುತಾಯ್ತು. ನಿಮ್ಮಂಥ ಒಬ್ಬರು ಎದುರಿಗೆ ಕೂತಿದ್ರೆ ಮೊದಲ ದಿನವೇ ಕೈಗೆ ಪಿಕ್ ತುರುಕಿ ತಿದ್ದಿಬಿಡ್ತಿದ್ರಿ.

ಗಿಟಾರ್_ಮೇಷ್ಟ್ರು · ಜುಲೈ 13, ಬೆಳಿಗ್ಗೆ 10:05

ತುರುಕುತ್ತಿದ್ದೆ, ನಿಜ. ಆ ತಪ್ಪು ನಾನೂ ಮಾಡಿದ್ದೀನಿ, ಎಡಗೈ ಹುಡುಗನೊಬ್ಬನಿಗೆ ಬಲಗೈ ಗಿಟಾರ್ ಕೊಟ್ಟು ಒಂದು ವರ್ಷ ಹಾಳು ಮಾಡಿದೆ. ಆದರೆ ರೆಕಾರ್ಡಿಗೂ ವಿಡಿಯೋಗೂ ಒಂದು ವ್ಯತ್ಯಾಸ ಇದೆ. ರೆಕಾರ್ಡಿನಲ್ಲಿ ಬೆರಳು ಕಾಣಲ್ಲ, ಕಿವಿಯಿಂದಲೇ ಹುಡುಕಬೇಕು. ಹುಡುಕಿ ಹುಡುಕಿ ಕಿವಿ ಹದವಾಗುತ್ತೆ. ವಿಡಿಯೋದಲ್ಲಿ ಮೂರನೇ ಫ್ರೆಟ್ (ಗಿಟಾರಿನ ಕುತ್ತಿಗೆ ಮೇಲಿನ ಅಡ್ಡ ಲೋಹದ ಗೆರೆ), ಎರಡನೇ ತಂತಿ ಅಂತ ಬರೆದೇ ತೋರಿಸ್ತಾರೆ, ಕಣ್ಣು ಕೆಲಸ ಮಾಡುತ್ತೆ, ಕಿವಿ ಮಲಗಿರುತ್ತೆ. ವೆಸ್ ಅಂಥವರು ಯಾರಾದರೂ ಬಂದರೆ ನಾನೇ ಶಿಷ್ಯನಾಗ್ತೀನಿ, ಕಳಿಸಿ.

ಧಾರವಾಡ_ಪೇಡೆ · ಜುಲೈ 13, ಮಧ್ಯಾಹ್ನ 1:20

ಮೇಷ್ಟ್ರ ಮಾತು ಛಲೋ ಅದಾವರಿ, ಆದ್ರ ಎದುರಿಗೆ ಮನಿಷ್ಯಾ ಕುಂತಾನ ಅಂದ್ರ ಕಲಿಸ್ತಾನ ಅಂತ ಅಲ್ಲ. ನಾ 14 ತಿಂಗಳು ಕ್ಲಾಸಿಗೆ ಹೋಗೇನಿ, ವಾರಕ್ಕ ಎರಡು ದಿವಸ. ಊರು, ಹೆಸರು ಹೇಳಂಗಿಲ್ಲ. ಒಂದ ಖೋಲಿಯೊಳಗ ಏಳು ಮಂದಿ, ಏಳೂ ಗಿಟಾರ್ ಏಳು ಶ್ರುತಿಯೊಳಗ. ಸರ್ ಒಂದು ಹಾಳ್ಯಾಗ ನಂಬರ್ ಬರದು ಕೊಟ್ಟು ಮೊಬೈಲ್ ನೋಡಕೋತ ಕುಂಡ್ರಾವ್ರು. ನಾಕು ಸಿನಿಮಾ ಹಾಡಿನ ಶುರುವಾತ ಅಷ್ಟ ಬಂತು. ಹಾಡು ಯಾವದೂ ಪೂರಾ ಬರಲಿಲ್ಲ. ಗಿಟಾರ್ ಶ್ರುತಿ ಮಾಡೂದು ಸುದ್ದಾ ಅವರ ಕಲಿಸಲಿಲ್ಲ, ತಾವ ಮಾಡಿ ಕೊಡಾವ್ರು. ಯಾಕ ಅಂದ್ರ ಅದನ್ನ ಕಲಿಸಿದ್ರ ನಾವು ಬರೂದು ಬಿಡತೀವಿ ಅಂತ ಇರಬೇಕು.

ಆಮ್ಯಾಲ ನಾ ಆನ್‌ಲೈನ್ ಹತ್ತೀನಿ. ಮೂರು ತಿಂಗಳಾಗ ಅಲ್ಲಿಗಿಂತ ಜಾಸ್ತಿ ಕಲ್ತೇನಿ. ಹಂಗಾಗಿ ಜೋಗದ ಅಣ್ಣಾರ, 140 ಕಿಲೋಮೀಟರ್ ಅಡ್ಡಾಡೂ ಮೊದಲ ಅಲ್ಲಿ ಯಾರು ಕುಂತಾರ ನೋಡಕೋರಿ.

ಗಿಟಾರ್_ಮೇಷ್ಟ್ರು · ಜುಲೈ 13, ಮಧ್ಯಾಹ್ನ 2:00

ಧಾರವಾಡದವರು ಹೇಳಿದ್ದು ನೂರಕ್ಕೆ ನೂರು ನಿಜ. ನಂಬರ್ ಬರೆದು ಕೊಟ್ಟು ಫೋನ್ ನೋಡುವ ಮೇಷ್ಟ್ರು ಅಂದರೆ ಪಾಸ್ ಬಟನ್ನೂ ಇಲ್ಲದ ವಿಡಿಯೋ. ಮೊದಲ ದಿನ ಅವರು ನಿಮ್ಮ ಗಿಟಾರನ್ನು ಕೈಗೆ ತಗೊಂಡು ನೋಡಿದರಾ, ನಿಮ್ಮನ್ನು ನುಡಿಸಲು ಹೇಳಿ ಸುಮ್ಮನೆ ಕೇಳಿದರಾ, ಇಷ್ಟು ಗಮನಿಸಿ ಸಾಕು. ಪೂರ್ತಿ ಒಂದು ಗಂಟೆ ತಾವೇ ನುಡಿಸಿ ತೋರಿಸಿದರೆ ಎರಡನೇ ಸಲ ಹೋಗಬೇಡಿ.

ಕುಡ್ಲ_ಕ್ವಾಯರ್ · ಜುಲೈ 13, ರಾತ್ರಿ 9:10

ಎಂತ ಮಾರಾಯ್ರೆ, ಎಲ್ಲರೂ ಕೈ ನೋಡುವ, ಬೆರಳು ನೋಡುವ ಅಂತೀರಿ. ಗಿಟಾರ್ ಹೇಗುಂಟು ಅಂತ ಯಾರಾದರೂ ಕೇಳಿದಿರಾ? 9 ಸಾವಿರದ ಗಿಟಾರ್, ಕೊರಿಯರಿನಲ್ಲಿ ಬಂದದ್ದು, ತಂತಿಯ ಎತ್ತರ ಸರಿ ಮಾಡುವ ಸೆಟಪ್ ಮಾಡಿಸಲಿಲ್ಲ, ಮೇಲಿಂದ ಸಾಗರದ ಜುಲೈ ಮಳೆ. ನನಗೆ ಸಂಶಯ ಬಂದದ್ದು ಅವರ ಒಂದು ಮಾತಿನಿಂದ, ಮೇ ತಿಂಗಳಲ್ಲಿ ಇದಕ್ಕಿಂತ ಒಳ್ಳೆ ಬರ್ತಾ ಇತ್ತು ಅಂತ ಹೇಳಿದ್ದಾರಲ್ಲ.

ಮಳೆಗಾಲದಲ್ಲಿ ಮರ ನೀರು ಕುಡೀತದೆ. ಮೇಲಿನ ಹಲಗೆ ಉಬ್ಬಿ, ತಂತಿ ಕಟ್ಟುವ ಬ್ರಿಡ್ಜನ್ನು ಮೇಲೆ ತಳ್ತದೆ, ತಂತಿ ಫ್ರೆಟ್‌ಬೋರ್ಡಿನಿಂದ ದೂರ ಹೋಗ್ತದೆ. ನಮ್ಮ ಇಗರ್ಜಿಯ ಗಿಟಾರ್ ಪ್ರತಿ ವರ್ಷ ಜೂನಿನಲ್ಲಿ ಹೀಗೇ ಮಾಡ್ತದೆ. ತಂತಿಗೆ ತುಕ್ಕು ಬೇರೆ, ಸಮುದ್ರದ ಗಾಳಿ ಅಲ್ವಾ.

ಒಂದು ಕೆಲಸ ಮಾಡಿ. ನೀವು ಬ್ಯಾಂಕಿನವರು, ಎಟಿಎಂ ಕಾರ್ಡಿಗೆ ಬರ ಇಲ್ಲ. ಉಬ್ಬಿದ ಅಕ್ಷರ ಇಲ್ಲದ ಕಾರ್ಡ್ ತಗೊಳ್ಳಿ, ಒಂದೊಂದು 0.76 ಮಿಲಿಮೀಟರ್ ದಪ್ಪ, ಲೋಕದಲ್ಲಿ ಎಲ್ಲಾ ಕಡೆ ಅದೇ ಅಳತೆ. 12ನೇ ಫ್ರೆಟ್ಟಿನ ಮೇಲೆ, ಎಲ್ಲಕ್ಕಿಂತ ದಪ್ಪ ತಂತಿಯ ಅಡಿಗೆ ತೂರಿಸಿ. ಮೂರು ಕಾರ್ಡ್ ಒಟ್ಟಿಗೆ ತಾಗಿಯೂ ತಾಗದ ಹಾಗೆ ಹೋದರೆ ಗಿಟಾರ್ ಸರಿ ಉಂಟು, ತಪ್ಪು ನಿಮ್ಮದೇ. ನಾಲ್ಕು ಹೋದರೆ ಸುಧಾರಿಸಬಹುದು. ಐದು ಹೋದರೆ ಅದು ಗಿಟಾರ್ ಅಲ್ಲ, ಬಟ್ಟೆ ಒಣಗಿಸುವ ಸರಿಗೆ.

ಜೋಗ_ರೋಡ್ · ಜುಲೈ 13, ರಾತ್ರಿ 9:45

ಐದು ಹೋಯ್ತು. ಆರಾಮಾಗಿ.

335ಇ · ಜುಲೈ 13, ರಾತ್ರಿ 9:52

ಅಯ್ಯೋ. ಸಾರಿ ಸಾರ್. ಇದನ್ನ ನಾನು ಮೊದಲೇ ಕೇಳಬೇಕಿತ್ತು. ನಾನು ಅಂಗಡಿಯಲ್ಲಿ ಹಿಡಿದು ನೋಡಿ ತಗೊಂಡವನು, ಹಾಗಾಗಿ ತಲೆಗೇ ಬರಲಿಲ್ಲ.

ಗಿಟಾರ್_ಮೇಷ್ಟ್ರು · ಜುಲೈ 13, ರಾತ್ರಿ 10:20

ನಾನೂ ಕೇಳಲಿಲ್ಲ. ಎದುರಿಗಿದ್ದಿದ್ದರೆ ಕೈಗೆತ್ತಿಕೊಂಡ ಅರ್ಧ ನಿಮಿಷಕ್ಕೆ ಗೊತ್ತಾಗುತ್ತಿತ್ತು ಅಂತ ಹೇಳಿಕೊಂಡು ಜಂಬ ಪಡಬಹುದು, ಆದರೆ ಇಲ್ಲಿ ಕಂಡುಹಿಡಿದದ್ದು ಮಂಗಳೂರಿನವರು, ಅದೂ ಬರೀ ಮಾತು ಓದಿ.

ಐದು ಕಾರ್ಡ್ ಅಂದರೆ 3.8 ಮಿಲಿಮೀಟರ್. ಆ ದಪ್ಪ ತಂತಿಯ ಕಡೆ 2.5ರ ಆಸುಪಾಸು ಇರಬೇಕಿತ್ತು. ಇನ್ನೊಂದು ಪರೀಕ್ಷೆ: ಮೊದಲ ಫ್ರೆಟ್ಟಿಗೆ ಕೇಪೋ (ಎಲ್ಲ ತಂತಿಯನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ ಅದೇ ಎಫ್ ಆಕಾರವನ್ನು ಒಂದು ಫ್ರೆಟ್ ಮುಂದೆ ಹಿಡಿದು ನೋಡಿ. ಥಟ್ಟನೆ ಸುಲಭ ಆದರೆ ಗಿಟಾರಿನ ತಲೆಯ ಹತ್ತಿರ ತಂತಿ ಕೂರುವ ಪಟ್ಟಿ, ಅಂದರೆ ನಟ್ಟಿನ ಗೆರೆಗಳೂ ಎತ್ತರ ಇವೆ ಅಂತ ಅರ್ಥ.

ಯೂಟ್ಯೂಬ್ ನೋಡಿ ನೀವೇ ಉಜ್ಜಲು ಹೋಗಬೇಡಿ. 12ನೇ ಫ್ರೆಟ್ ತಂತಿಯ ನಟ್ಟನಡುವೆ ಇರುವುದರಿಂದ ಅಲ್ಲಿ 1 ಮಿಲಿಮೀಟರ್ ಇಳಿಸಲು ಬ್ರಿಡ್ಜಿನ ಮೇಲೆ ತಂತಿ ಒರಗುವ ಸಣ್ಣ ಪಟ್ಟಿ, ಸ್ಯಾಡಲನ್ನು ಬುಡದಿಂದ 2 ಮಿಲಿಮೀಟರ್ ಉಜ್ಜಬೇಕು. ಜಾಸ್ತಿ ಉಜ್ಜಿದರೆ ವಾಪಸ್ ಅಂಟಿಸಲಾಗಲ್ಲ. ಗಿಟಾರಿನ ಕುತ್ತಿಗೆಯೊಳಗಿನ ಕಬ್ಬಿಣದ ಸರಳು, ಟ್ರಸ್ ರಾಡ್, ಅದನ್ನು ತಿರುಗಿಸಿದರೆ ಎಲ್ಲ ಸರಿಯಾಗುತ್ತೆ ಅಂತ ಯಾರೋ ಹೇಳ್ತಾರೆ. ಅದು ಕುತ್ತಿಗೆಯ ಬಾಗು ತಿದ್ದಲು ಇರುವುದು, ತಂತಿ ಇಳಿಸಲಿಕ್ಕಲ್ಲ. ಆರು ತಂತಿ ಸೇರಿ ಸುಮಾರು 70 ಕಿಲೋ ತೂಕದಷ್ಟು ಎಳೀತಿರುತ್ತವೆ, ಆಟ ಬೇಡ.

ಧಾರವಾಡ_ಪೇಡೆ · ಜುಲೈ 13, ರಾತ್ರಿ 10:31

ಅಂದ್ರ ಎಂಟು ತಿಂಗಳು ಅಣ್ಣಾರು ಜಿಮ್ ಮಾಡ್ಯಾರ.

ವೀಣೆ_ಮನೆ · ಜುಲೈ 14, ಬೆಳಿಗ್ಗೆ 11:00

ಗಿಟಾರ್ ಸರಿಯಾದ ಮೇಲೂ ಮೂಲ ಪ್ರಶ್ನೆ ಹಾಗೇ ಉಳಿಯುತ್ತಲ್ಲ, ಅದಕ್ಕೆ ನನ್ನ ಮಾತು. ನಾನು 11 ವರ್ಷ ವೀಣೆ ಕಲಿತವಳು, 2020ರಿಂದ ಗಿಟಾರ್ ಆನ್‌ಲೈನಲ್ಲಿ ಕಲಿಯುತ್ತಿದ್ದೇನೆ. ಎರಡೂ ದಡ ಕಂಡಿದ್ದೇನೆ.

ಯಾರಾದರೂ ಏಕಲವ್ಯನ ಉದಾಹರಣೆ ಕೊಡುವ ಮೊದಲೇ ಹೇಳಿಬಿಡುತ್ತೇನೆ: ಅವನ ಕಥೆಯಲ್ಲೂ ಕೊನೆಗೆ ಎಡವಟ್ಟಾದದ್ದು ಹೆಬ್ಬೆರಳಿಗೇ. ಆನ್‌ಲೈನ್ ಗಿಟಾರಿನವರದ್ದೂ ಅಲ್ಲೇ ಪೆಟ್ಟು.

ನನ್ನ ವೀಣೆ ಟೀಚರ್ ಒಂದು ದಿನವೂ ಏನನ್ನೂ ವಿವರಿಸಿದವರಲ್ಲ. ಅವರು ಒಂದು ಸಾಲು ನುಡಿಸುವುದು, ನಾನು ನುಡಿಸುವುದು, ಆಮೇಲೆ ಇಬ್ಬರೂ ಒಟ್ಟಿಗೆ. ಸರಳೆ ವರಸೆಯಿಂದ ಹಿಡಿದು ಎಲ್ಲವೂ ಹೀಗೇ. ತೋಡಿ ರಾಗದ ಗಾಂಧಾರ ಸ್ವರ ಎಷ್ಟು ಅಲುಗಬೇಕು ಅಂತ ಮಾತಲ್ಲಿ ಯಾರೂ ಹೇಳಲಾರರು. ಅವರ ತಂತಿಯ ಪಕ್ಕದಲ್ಲಿ ನನ್ನ ತಂತಿ ಎಳೆದಾಗ ಎರಡೂ ಒಂದಾದರೆ ಸರಿ, ಇಲ್ಲದಿದ್ದರೆ ಕಿವಿಗೆ ಚುಚ್ಚುತ್ತೆ. ಲಾಕ್‌ಡೌನಿನಲ್ಲಿ ಇದೇ ಪಾಠ ವಿಡಿಯೋ ಕಾಲಿಗೆ ಬಂತು. ಒಟ್ಟಿಗೆ ನುಡಿಸುವುದು ಅಂದೇ ಸತ್ತುಹೋಯಿತು.

ನಮ್ಮ ಮನೆಯವರು ಆಡಿಯೋ ಇಂಜಿನಿಯರ್, ಕಾರಣ ಅವರು ಹೇಳಿದ್ದು. ಗಾಳಿಯಲ್ಲಿ ಸದ್ದು ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ತಗೊಳ್ಳುತ್ತೆ. ಇಬ್ಬರ ನಡುವೆ 25–30 ಮಿಲಿಸೆಕೆಂಡಿಗಿಂತ ಜಾಸ್ತಿ ತಡವಾದರೆ ಲಯ ಜಗ್ಗಲು ಶುರು, ಅಂದರೆ ಹತ್ತು ಮೀಟರ್ ದೂರ ಕೂತ ಹಾಗೆ. ಸಾಮಾನ್ಯ ವಿಡಿಯೋ ಕಾಲಿನಲ್ಲಿ 150 ಮಿಲಿಸೆಕೆಂಡ್ ತಡ ಆಗುವುದು ಮಾಮೂಲು. ಟೀಚರ್ ಐವತ್ತು ಮೀಟರ್ ಆಚೆ, ಎದುರು ಬೀದಿಯ ಮಹಡಿಯಲ್ಲಿ ಕೂತು ತಾಳ ಹಾಕಿದ ಹಾಗೆ. ಯಾರಿಗೆ ತಾನೇ ಕೂಡಿ ಬರುತ್ತೆ?

ಇನ್ನೊಂದು ತಮಾಷೆ. ಆ ಕಾಲ್‌ಗಳು ಮಾತಿಗಾಗಿ ಮಾಡಿದ್ದು, ಒಂದೇ ಸಮ ಕೇಳುವ ಸದ್ದನ್ನು ಫ್ಯಾನ್ ಸದ್ದು ಅಂದುಕೊಂಡು ಅಳಿಸಿಹಾಕುತ್ತವೆ. ನನ್ನ ತಂಬೂರಿ ಪೆಟ್ಟಿಗೆಯ ಶ್ರುತಿ ಅವರಿಗೆ ಕೇಳಿಸುತ್ತಲೇ ಇರಲಿಲ್ಲ, ಮೀಟಿದ ಸ್ವರ ಅರ್ಧಕ್ಕೇ ಕತ್ತರಿಸಿ ಹೋಗುತ್ತಿತ್ತು. "ಯಾಕಮ್ಮ ಮೀಟಿ ತಕ್ಷಣ ಕೈ ಇಡ್ತೀಯ?" ಅಂತ ಒಂದು ತಿಂಗಳು ಬೈಸಿಕೊಂಡೆ. ಜೂಮಿನಲ್ಲಿ ಸಂಗೀತಗಾರರಿಗೆ ಅಂತಲೇ ಒರಿಜಿನಲ್ ಸೌಂಡ್ ಅನ್ನುವ ಆಯ್ಕೆ ಇದೆ, ಅದನ್ನು ಹಾಕಿದ ಮೇಲೆ ಸ್ವರಕ್ಕೆ ಜೀವ ಬಂತು. ವಿಡಿಯೋ ಮೇಷ್ಟ್ರ ಹತ್ತಿರ ಹೋಗುವುದಾದರೆ ಜೋಗದವರು ಇದನ್ನು ಮೊದಲು ಮಾಡಿ.

ಆದರೂ ಗಿಟಾರಿಗೆ ನಾನು ಆನ್‌ಲೈನೇ ಇಟ್ಟುಕೊಂಡಿದ್ದೇನೆ. ತಂತಿ ಹಿಡಿಯುವುದು, ಕೂರುವುದು, ಕಿವಿಗೊಡುವುದು, ಇದೆಲ್ಲ ವೀಣೆಯವರು ಮೊದಲೇ ಹಾಕಿಕೊಟ್ಟಿದ್ದರು. ಅದು ಇಲ್ಲದಿದ್ದರೆ ಏನಾಗುತ್ತಿತ್ತೋ ಹೇಳಲಾರೆ.

ಮ್ಯೂನಿಕ್_ಮಂಜ · ಜುಲೈ 14, ಸಂಜೆ 7:30

ನನ್ನದು ಉಲ್ಟಾ ಕೇಸು. ಇಲ್ಲಿ ಮನೆಯಿಂದ ಹತ್ತು ನಿಮಿಷ ನಡೆದರೆ ಒಳ್ಳೆ ಗಿಟಾರ್ ಟೀಚರ್ ಇದ್ದಾರೆ. ಆರು ತಿಂಗಳು ಹೋದೆ. ಕೈ ಹದಕ್ಕೆ ತಂದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ನನಗೆ ಬೇಕಾಗಿದ್ದದ್ದು ಭಾವಗೀತೆಗೆ ಗಿಟಾರ್ ನುಡಿಸುವುದು, ಹೆಂಡತಿ ಹಾಡ್ತಾಳೆ. "ಐದೂವರೆ ಮನೆ ಶ್ರುತಿ, ಕೇಪೋ ಎಲ್ಲಿ ಹಾಕಲಿ?" ಅಂತ ಜರ್ಮನ್ನಿನಲ್ಲಿ ಹೇಗೆ ಕೇಳೋದು ಮಾರಾಯ್ರೆ? ಸಾಹಿತ್ಯ ಎಲ್ಲಿ ಉಸಿರು ತಗೊಳ್ಳುತ್ತೆ ಅಂತ ಗೊತ್ತಿಲ್ಲದವರಿಗೆ ಕಾರ್ಡ್ ಎಲ್ಲಿ ಬದಲಾಯಿಸಬೇಕು ಅನ್ನೋದೂ ಗೊತ್ತಾಗಲ್ಲ.

ಈಗ ಬೆಂಗಳೂರಿನ ಒಬ್ಬರ ಹತ್ತಿರ ಕಲೀತಿದ್ದೀನಿ, ಆದರೆ ಲೈವ್ ಕ್ಲಾಸ್ ಅಲ್ಲ. ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ವ್ಯತ್ಯಾಸ, ನನ್ನ ಆಫೀಸ್ ಮುಗಿಯೋ ಹೊತ್ತಿಗೆ ಅವರ ನಿದ್ದೆ. ಹಾಗಾಗಿ ನಾನು ಎರಡು ನಿಮಿಷದ ವಿಡಿಯೋ ತೆಗೆದು ವಾಟ್ಸ್ಆ್ಯಪ್ ಮಾಡ್ತೀನಿ. ಅವರು ಮಾರನೆ ದಿನ ಕೇಳಿ, ಹತ್ತು ಸೆಕೆಂಡಿಗೆ ಹೀಗಾಯ್ತು, ನಲವತ್ತಕ್ಕೆ ಹಾಗಾಯ್ತು ಅಂತ ವಾಯ್ಸ್ ನೋಟ್ ಹಾಕ್ತಾರೆ. ಒಂದೇ ಷರತ್ತು: ವಿಡಿಯೋ ಒಂದೇ ಉಸಿರಿನದ್ದಾಗಿರಬೇಕು, ತಪ್ಪಿದರೂ ನಿಲ್ಲಿಸಿ ಮತ್ತೆ ಶುರು ಮಾಡುವಂತಿಲ್ಲ. ಒಂದು ಒಳ್ಳೆ ಟೇಕ್ ಕಳಿಸೋಣ ಅಂತ ಹದಿನೈದು ಸಲ ನುಡಿಸ್ತೀನಿ. ಅದೇ ಪ್ರಾಕ್ಟೀಸ್ ಆಗಿಹೋಗುತ್ತೆ, ಅವರು ಜಾಣರು.

ಲೆಕ್ಕದ_ಅಮ್ಮ · ಜುಲೈ 15, ಮಧ್ಯಾಹ್ನ 3:15

ದೊಡ್ಡವರ ಕಥೆ ಬೇರೆ, ಮಕ್ಕಳಿಗೆ ಮಾತ್ರ ದಯವಿಟ್ಟು ಗುಂಪಿನ ಆನ್‌ಲೈನ್ ಕ್ಲಾಸಿಗೆ ದುಡ್ಡು ಕಟ್ಟಬೇಡಿ. ಲಾಕ್‌ಡೌನಿನಲ್ಲಿ ಮಗಳನ್ನು ಸೇರಿಸಿದ್ದೆ, ಆಗ ಅವಳಿಗೆ ಎಂಟು. ಸ್ಕ್ರೀನಿನಲ್ಲಿ ಒಂಬತ್ತು ಮಕ್ಕಳು, ಎಲ್ಲರೂ ಮ್ಯೂಟ್. ಮೂರು ತಿಂಗಳಾದ ಮೇಲೆ ಒಂದು ದಿನ ಹಿಂದಿನಿಂದ ಹೋಗಿ ನೋಡ್ತೀನಿ, ಬಲಗೈಯಲ್ಲಿ ಸ್ಟ್ರಮ್ ಮಾಡ್ತಾ ಇದ್ದಾಳೆ, ಎಡಗೈ ಕ್ಯಾಮೆರಾದಿಂದ ಹೊರಗೆ, ಚಿಪ್ಸ್ ಪ್ಯಾಕೆಟ್ಟಿನಲ್ಲಿದೆ. ಟೀಚರ್ "ವೆರಿ ಗುಡ್" ಅಂತಿದ್ದಾರೆ.

ಆಮೇಲೆ ಬೀದಿ ಕೊನೆಯ ಮೇಷ್ಟ್ರ ಹತ್ತಿರ ಹಾಕಿದೆ. ಅವರು ಮೊದಲು ಮಾಡಿದ್ದು ದೊಡ್ಡ ಗಿಟಾರ್ ವಾಪಸ್ ಕೊಡಿಸಿ ಅರ್ಧ ಸೈಜಿನದು ತರಿಸಿದ್ದು. ಈಗ ಲಂಡನ್ನಿನ ಟ್ರಿನಿಟಿ ಕಾಲೇಜಿನ ಸಂಗೀತ ಗ್ರೇಡ್ ಪರೀಕ್ಷೆ ಕಟ್ತಾಳೆ, ಅದನ್ನು ವಿಡಿಯೋ ಮಾಡಿ ಕಳಿಸಿಯೂ ಬರೀಬಹುದು. ಕಲಿತದ್ದು ಎದುರಿಗೆ, ಪರೀಕ್ಷೆ ಆನ್‌ಲೈನ್. ನಗು ಬರುತ್ತೆ.

ನಿರ್ವಾಹಕ · ಜುಲೈ 15, ಸಂಜೆ 4:40

ರಿಯಾಯಿತಿ ಕೋಡ್ ಹಾಕಿ ಆ್ಯಪ್ ಮಾರಲು ಬಂದಿದ್ದ ಎರಡು ಪೋಸ್ಟ್ ತೆಗೆದಿದ್ದೇನೆ. ಚರ್ಚೆ ಮುಂದುವರಿಯಲಿ.

335ಇ · ಜುಲೈ 15, ಸಂಜೆ 5:10

ಆ್ಯಪ್ ವಿಷಯ ಬಂತಲ್ಲ, ಮೊದಲನೇ ದಾರಿ ಅದೇ ತಾನೇ, ಯಾರೂ ಉತ್ತರ ಕೊಟ್ಟಿಲ್ಲ. ಯೂಸಿಶಿಯನ್ ಥರದವು ಮೈಕ್‌ನಿಂದ ಕೇಳಿಸಿಕೊಂಡು ಸ್ವರ ಸರಿಯಾ, ಹೊತ್ತಿಗೆ ಬಂತಾ ಅಂತ ಅಂಕ ಕೊಡ್ತವೆ. ಒಂದು ವರ್ಷ ಬಳಸಿದ್ದೀನಿ. ಮೇಷ್ಟ್ರು ಹೇಳಿದ ಪಾಸ್ ಕಾಯಿಲೆಗೆ ಸ್ವಲ್ಪ ಮಟ್ಟಿಗೆ ಔಷಧಿ, ಯಾಕಂದ್ರೆ ಪರದೆ ಮೇಲೆ ಸ್ವರ ಓಡ್ತಾನೇ ಇರುತ್ತೆ. ಆದ್ರೆ ಜೋಗದವರ ಕೇಸಲ್ಲಿ ಅದು ಏನು ಮಾಡ್ತಿತ್ತು? ಎಫ್ ತಪ್ಪು, ಎಫ್ ತಪ್ಪು, ಮತ್ತೆ ಪ್ರಯತ್ನಿಸಿ. ಇನ್ನೂ ಗಟ್ಟಿಯಾಗಿ ಒತ್ತಿ ಮಣಿಕಟ್ಟು ಇನ್ನೂ ಹಾಳಾಗ್ತಿತ್ತು. ತಪ್ಪು ಅಂತ ಗೊತ್ತಾಗುತ್ತೆ, ಯಾಕೆ ತಪ್ಪು ಅಂತ ಅದಕ್ಕೆ ಗೊತ್ತಾಗಲ್ಲ. ಮೊನ್ನೆ ನಾನು ಕೊಟ್ಟ ಸಲಹೆಯೂ ಅದೇ ಥರ ಇತ್ತು, ಈಗ ಓದಿದ್ರೆ ನಾಚಿಕೆ ಆಗುತ್ತೆ.

ಕುಡ್ಲ_ಕ್ವಾಯರ್ · ಜುಲೈ 15, ರಾತ್ರಿ 8:00

ನಾಚಿಕೆ ಎಂತದಕ್ಕೆ? ನಾನು ಕೂಡ ಕ್ಲಾಸಿಗೆ ಹೋದವ ಅಲ್ಲ. ಹತ್ತನೇ ವರ್ಷದಲ್ಲಿ ಇಗರ್ಜಿಯ ಹಾಡುವ ತಂಡ, ಕ್ವಾಯರಿನ ಹಿಂದಿನ ಸಾಲಿನಲ್ಲಿ ಕೂರಿಸಿದರು. ಮುಂದೆ ಒಬ್ಬರು ಅಂಕಲ್ ನುಡಿಸ್ತಾ ಇದ್ದರು, ಅವರ ಕೈ ನೋಡಿ ಅದೇ ಹಿಡಿಯುವುದು. ಪಾಠ ಅಂತ ಒಂದು ದಿನ ಸಹ ಆಗಲಿಲ್ಲ. ಆದರೆ ಪ್ರತಿ ಭಾನುವಾರ ಐವತ್ತು ಜನ ಹಾಡುವಾಗ ನಾನು ತಪ್ಪಿ ನಿಂತರೆ ಅವರು ನಿಲ್ಲುವುದಿಲ್ಲ. ಮುಂದಿನ ಸಾಲಿಗೆ ಓಡಿ ಹಿಡಿಯಬೇಕು. ಮಂಗಳೂರಿನಲ್ಲಿ ಎಷ್ಟೋ ಗಿಟಾರಿನವರು ಹೀಗೇ ತಯಾರಾದದ್ದು. ಕ್ಲಾಸು ಅಂದರೆ ಒಬ್ಬ ಮೇಷ್ಟ್ರು, ಒಂದು ಫೀಸು ಅಂತ ಮಾತ್ರ ಯಾಕೆ ಯೋಚನೆ ಮಾಡುವುದು? ಸಾಗರದಲ್ಲಿ ಭಜನೆ ಮಂಡಳಿ ಇಲ್ವಾ? ಮೂಲೆಯಲ್ಲಿ ಕೂತು ಮೂರು ಕಾರ್ಡ್ ನುಡಿಸಿ.

ಜೋಗ_ರೋಡ್ · ಸೆಪ್ಟೆಂಬರ್ 21, ರಾತ್ರಿ 9:30

ಎರಡು ತಿಂಗಳು ಮೌನವಾಗಿದ್ದೆ, ಕ್ಷಮಿಸಿ. ಏನೇನಾಯ್ತು ಅಂತ ಒಪ್ಪಿಸ್ತೀನಿ.

ಗಿಟಾರ್ ತಗೊಂಡು ಶಿವಮೊಗ್ಗಕ್ಕೆ ಹೋದೆ. ರಿಪೇರಿ ಮಾಡುವವರು ಸ್ಯಾಡಲ್ ಉಜ್ಜಿ, ನಟ್ಟಿನ ಗೆರೆ ಸರಿ ಮಾಡಿ, ಹೊಸ ತಂತಿ ಹಾಕಿ ಕೊಟ್ಟರು. ಮೇಷ್ಟ್ರು ಹೇಳಿದ ಕೇಪೋ ಪರೀಕ್ಷೆ ಸರಿಯಾಗೇ ಇತ್ತು, ನಟ್ಟೂ ಎತ್ತರ ಇತ್ತು. ಗಿಟಾರ್ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಲು ಹೇಳಿದರು. ಮನೆಯಲ್ಲಿ ಹಪ್ಪಳದ ಡಬ್ಬಕ್ಕಿಂತ ಅದಕ್ಕೇ ಈಗ ಮರ್ಯಾದೆ ಜಾಸ್ತಿ.

ಅಲ್ಲಿಂದ ಸೀದಾ ಮೇಷ್ಟ್ರ ಮನೆಗೆ. ಧಾರವಾಡದವರ ಮಾತು ತಲೆಯಲ್ಲಿತ್ತು, ಪರೀಕ್ಷೆ ಮಾಡೋಣ ಅಂತಲೇ ಕೂತೆ. ಅವರು ಒಂದು ಹಾಡು ನುಡಿಸಿ ಅಂದರು. ನುಡಿಸಿದೆ. ಏನೂ ಹೇಳಲಿಲ್ಲ. ಇನ್ನೊಂದು ಸಲ ಅಂದರು. ಮುಗಿದ ಮೇಲೆ, "ಹನ್ನೊಂದು ಸಲ ನಿಂತ್ರಿ" ಅಂದರು. ನನಗೆ ನಿಂತದ್ದೇ ಗೊತ್ತಿರಲಿಲ್ಲ. ಎಫ್ ಬಗ್ಗೆ ಮಾತೇ ಇಲ್ಲ. ಎಡಗೈಯಲ್ಲಿ ಎಲ್ಲ ತಂತಿ ಸುಮ್ಮನೆ ಮುಚ್ಚಿಸಿ, ಬರೀ ಬಲಗೈಯಲ್ಲಿ ಚಕ್ ಚಕ್ ಅಂತ ಇಪ್ಪತ್ತು ನಿಮಿಷ, ಅವರು ಚಪ್ಪಾಳೆ ತಟ್ಟುತ್ತಾ ಕೂತರು. 140 ಕಿಲೋಮೀಟರ್ ಬಂದು ಇದನ್ನಾ ಮಾಡೋದು ಅನಿಸಿತು. ಆಮೇಲೆ ಗಿಟಾರಿಗೆ ಹೆಗಲಿಗೆ ಹಾಕುವ ಒಂದು ಪಟ್ಟಿ ಕಟ್ಟಿಸಿದರು. ಎಂಟು ತಿಂಗಳು ಗಿಟಾರಿನ ಕುತ್ತಿಗೆಯ ಭಾರವನ್ನು ನನ್ನ ಎಡಗೈಯೇ ಹೊತ್ತಿತ್ತಂತೆ, ಹೊರುವ ಕೈ ನುಡಿಸುವುದು ಹೇಗೆ ಅಂತ ಕೇಳಿದರು. ಮಣಿಕಟ್ಟಿನ ನೋವು ಎರಡನೇ ವಾರಕ್ಕೇ ಹೋಯಿತು.

ಪ್ರತಿ ವಾರ ಬರಲಾಗಲ್ಲ ಅಂದೆ. ಮ್ಯೂನಿಕ್ಕಿನವರ ಪದ್ಧತಿ ಹೇಳಿದೆ, ಅವರಿಗೂ ಹಿಡಿಸಿತು. ತಿಂಗಳ ಮೊದಲ ಭಾನುವಾರ ನಾನೇ ಹೋಗ್ತೀನಿ, ಉಳಿದ ಭಾನುವಾರ ಎರಡು ನಿಮಿಷದ ವಿಡಿಯೋ, ಒಂದೇ ಉಸಿರಿನದ್ದು. ಆಗಸ್ಟಿನಲ್ಲಿ ಮಳೆಗೆ ಮರ ಬಿದ್ದು ರಸ್ತೆ ಬಂದ್ ಆಗಿ ಒಂದು ಸಲ ತಪ್ಪಿತು. ಬೆಂಗಳೂರಿನ ವಿಡಿಯೋ ಕ್ಲಾಸ್ ಕೈಬಿಟ್ಟೆ. ಜಸ್ಟಿನ್ ಪಾಠ ಬಿಟ್ಟಿಲ್ಲ, ಹೊಸ ವಿಷಯಕ್ಕೆಲ್ಲ ಈಗಲೂ ಅದೇ. ಭಜನೆ ಮಂಡಳಿಗೆ ಹೋಗಲು ಇನ್ನೂ ಧೈರ್ಯ ಬಂದಿಲ್ಲ.

ಎಫ್: ಐದು ತಂತಿ ಮಾತಾಡುತ್ತವೆ. ಎರಡನೇ ತಂತಿ ತೋರುಬೆರಳಿನ ಗೆಣ್ಣಿನ ಗೆರೆಯೊಳಗೆ ಸರಿಯಾಗಿ ಅಡಗಿ ಕೂರುತ್ತೆ, ಅದೊಂದು ಟಪ್ ಅನ್ನುತ್ತೆ.

ಗಿಟಾರ್_ಮೇಷ್ಟ್ರು · ಸೆಪ್ಟೆಂಬರ್ 21, ರಾತ್ರಿ 9:58

ತೋರುಬೆರಳನ್ನು ಚಪ್ಪಟೆ ಇಡಬೇಡಿ, ಹೆಬ್ಬೆರಳಿನ ಕಡೆಯ ಮಗ್ಗುಲಿಗೆ ಒಂದು ಚೂರು ಹೊರಳಿಸಿ, ಆ ಗೆರೆ ತಪ್ಪುತ್ತೆ. ಇಪ್ಪತ್ತು ನಿಮಿಷ ಚಕ್ ಚಕ್ ಮಾಡಿಸಿದವರಿಗೆ ನನ್ನ ನಮಸ್ಕಾರ ಹೇಳಿ.

ಜೋಗ_ರೋಡ್ · ಸೆಪ್ಟೆಂಬರ್ 21, ರಾತ್ರಿ 10:10

ಹೇಳ್ತೀನಿ. ಒಂದು ಬರೆಯಲು ಮರೆತೆ. ಹನ್ನೊಂದು ಸಲ ನಿಂತ ಕಥೆ ಮನೆಯಲ್ಲಿ ಹೇಳಿದ್ದೇ ತಪ್ಪಾಯ್ತು. ನಮ್ಮನೆಯವಳಿಗೆ ಗಿಟಾರಿನ ಗಂಧಗಾಳಿ ಇಲ್ಲ. ಆದರೂ ಈಗ ನಾನು ಎಲ್ಲಿ ತಡವರಿಸಿದರೂ ಅಡುಗೆಮನೆಯಿಂದ "ನಿಂತ್ರಿ!" ಅಂತ ಕೂಗ್ತಾಳೆ.

ಧಾರವಾಡ_ಪೇಡೆ · ಸೆಪ್ಟೆಂಬರ್ 21, ರಾತ್ರಿ 10:14

ವೈನಿಯವರಿಗೆ ಫೀ ಎಷ್ಟ ಕೊಡತೀರಿ?

ಜೋಗ_ರೋಡ್ · ಸೆಪ್ಟೆಂಬರ್ 21, ರಾತ್ರಿ 10:16

ಭಾನುವಾರ ದೋಸೆ ಎರೆಯೋದು ನನ್ನ ಪಾಲಿಗೆ ಬಂದಿದೆ.

ಕುಡ್ಲ_ಕ್ವಾಯರ್ · ಸೆಪ್ಟೆಂಬರ್ 21, ರಾತ್ರಿ 10:30

ಅದೆಲ್ಲ ಇರಲಿ. ಈಗ ತಂತಿಯ ಅಡಿಗೆ ಎಷ್ಟು ಎಟಿಎಂ ಕಾರ್ಡ್ ಹೋಗ್ತದೆ?

ಜೋಗ_ರೋಡ್ · ಸೆಪ್ಟೆಂಬರ್ 21, ರಾತ್ರಿ 10:33

ಮೂರು. ಮೂರನೆಯದು ಸ್ವಲ್ಪ ತಿಕ್ಕುತ್ತೆ.